ಅಮ್ಮನ ಎರಡು ರಿಪೋರ್ಟು: ದೀರ್ಘಕಾಲದ ಉರಿಯೂತವನ್ನು ರಕ್ತಪರೀಕ್ಷೆಯಲ್ಲಿ ಓದೋದು ಹೇಗೆ?

 

ಇವತ್ತಿನ ವಿಷಯ ನಮ್ಮ ಮನೆಯಿಂದಲೇ ಬಂದದ್ದು. ಹೊರದೇಶದಲ್ಲಿರುವ ನಮ್ಮಂಥವರ ಫೋನಿನಲ್ಲಿ ಒಂದು ಬಗೆಯ ಫೋಟೋ ಇದ್ದೇ ಇರುತ್ತೆ: ಊರಲ್ಲಿರೋ ಅಪ್ಪ-ಅಮ್ಮನ ಲ್ಯಾಬ್ ರಿಪೋರ್ಟು. ಸ್ವಲ್ಪ ಓರೆಯಾಗಿ ತೆಗೆದದ್ದು, ಮೂಲೆಯಲ್ಲಿ ಹೆಬ್ಬೆರಳು. ಕಳೆದ ವರ್ಷ ಮೈಸೂರಿನಿಂದ ನಮಗೂ ಅಂಥದ್ದೊಂದು ಬಂತು. ಅಮ್ಮನಿಗೆ ಆಗ 64 ವರ್ಷ. ಸಿಆರ್‌ಪಿ 14, ಇಎಸ್‌ಆರ್ 62, ಹಿಮೋಗ್ಲೋಬಿನ್ 9.8.

ನೋಡಿದ ಕೂಡಲೇ ಗಾಬರಿ ಆಯ್ತು. ಏಳು ತಿಂಗಳ ಹಿಂದೆ ಅಮ್ಮ ಇಲ್ಲಿ ಅಮೆರಿಕದಲ್ಲಿ ನಮ್ಮ ಜೊತೆ ಇದ್ದಾಗ ನೆಗಡಿ-ಜ್ವರ ಅಂತ ಒಮ್ಮೆ ಡಾಕ್ಟರ ಹತ್ತಿರ ಹೋಗಿದ್ವಿ. ಆಗ ಸಿಆರ್‌ಪಿ 1.4 ಇತ್ತು. ಏಳು ತಿಂಗಳಲ್ಲಿ ಹತ್ತು ಪಟ್ಟು ಏರಿಬಿಟ್ಟಿದೆ ಅಂದ್ಕೊಂಡು ಆ ರಾತ್ರಿ ನಾವು ಸರಿಯಾಗಿ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಗೊತ್ತಾಯ್ತು. ಮೈಸೂರಿನ ಲ್ಯಾಬು ಕೊಟ್ಟಿದ್ದು ಲೀಟರಿಗೆ 14 ಮಿಲಿಗ್ರಾಂ. ಇಲ್ಲಿನ ಲ್ಯಾಬು ಕೊಟ್ಟಿದ್ದು ಡೆಸಿಲೀಟರಿಗೆ 1.4 ಮಿಲಿಗ್ರಾಂ. ಒಂದು ಲೀಟರಿಗೆ ಹತ್ತು ಡೆಸಿಲೀಟರು. ಅಂದ್ರೆ ಎರಡೂ ಒಂದೇ!

ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಈಗ ಏರಿಲ್ಲ ಅಂದ್ರೆ, ಏಳು ತಿಂಗಳ ಹಿಂದೆಯೇ ಜಾಸ್ತಿ ಇತ್ತು ಅಂತಲ್ವಾ? ಹಳೆಯ ರಿಪೋರ್ಟಿನಲ್ಲಿ ‘ಹೈ’ ಅನ್ನೋ ಗುರುತೂ ಇತ್ತು. ನೆಗಡಿ ಇದ್ದಾಗ ಏರೋದು ಸಹಜ, ವಾಸಿಯಾಗಿ ಎರಡು-ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ ಅಂತ ಡಾಕ್ಟರು ಹೇಳಿಯೂ ಇದ್ದರು. ಅಷ್ಟರಲ್ಲಿ ಅಮ್ಮ ಊರಿಗೆ ಹೊರಡೋ ದಿನ ಬಂತು. ಸೂಟ್‌ಕೇಸ್ ತೂಕ ಮಾಡೋ ಗಡಿಬಿಡಿಯಲ್ಲಿ ನಾವು ಅದನ್ನು ಮರೆತೇಬಿಟ್ವಿ. 1.4 ತಾನೆ, 5ರೊಳಗೆ ಇದೆಯಲ್ಲ ಅನ್ನೋ ಊರಿನ ಲೆಕ್ಕವೂ ತಲೆಯಲ್ಲಿ ಕೂತಿತ್ತು.

ಅದಕ್ಕೇ ಈ ಸಂಚಿಕೆ. ಈ ಪರೀಕ್ಷೆಗಳು ಏನನ್ನು ಅಳೆಯುತ್ತವೆ, ಏನನ್ನು ಹೇಳುತ್ತವೆ, ಯಾವುದನ್ನು ಅವುಗಳಿಂದ ಕೇಳಬಾರದು ಅನ್ನೋದನ್ನ ಒಂದೊಂದಾಗಿ ನೋಡೋಣ.

ಉರಿಯೂತ ಅಂದ್ರೆ ಏನು?

ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡರೆ ಏನಾಗುತ್ತೆ? ಆ ಜಾಗ ಕೆಂಪಾಗುತ್ತೆ, ಬಿಸಿಯಾಗುತ್ತೆ, ಊದಿಕೊಳ್ಳುತ್ತೆ, ನೋಯುತ್ತೆ. ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ಬರೆದಿಟ್ಟದ್ದೂ ಇದೇ ನಾಲ್ಕು ಲಕ್ಷಣ. ರಕ್ತನಾಳಗಳು ಅಗಲವಾಗಿ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ, ರೋಗಾಣುಗಳನ್ನು ಕೊಲ್ಲುತ್ತವೆ, ಹಾಳಾದ ಜೀವಕೋಶಗಳನ್ನು ಗುಡಿಸಿ ಹಾಕುತ್ತವೆ. ಕೆಲಸ ಮುಗಿದ ಮೇಲೆ ಉರಿಯೂತ ಇಳಿಯುತ್ತೆ. ಇದು ತಾತ್ಕಾಲಿಕ ಉರಿಯೂತ. ಇದಿಲ್ಲದೆ ನಾವು ಬದುಕೋದೇ ಕಷ್ಟ.

ದೀರ್ಘಕಾಲದ ಉರಿಯೂತದಲ್ಲಿ ಈ ಇಳಿಯೋ ಹಂತವೇ ಬರೋದಿಲ್ಲ. ಕ್ಷಯದಂಥ ಸೋಂಕು ಒಳಗೇ ಉಳಿದಿರಬಹುದು. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಆಗುವಂತೆ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬಿದ್ದಿರಬಹುದು. ಹೊಟ್ಟೆಯ ಸುತ್ತ ಸೇರಿದ ಕೊಬ್ಬು, ಸಿಗರೇಟು, ವಸಡಿನ ಕಾಯಿಲೆ ಇವೂ ಸಣ್ಣ ಉರಿಯಲ್ಲಿ ವರ್ಷಗಟ್ಟಲೆ ಉರಿಯೂತವನ್ನು ಇಟ್ಟಿರುತ್ತವೆ. ಹೊರಗೆ ಕೆಂಪೂ ಕಾಣದು, ಊತವೂ ಕಾಣದು.

ಹಾಗಾದರೆ ರಕ್ತದಲ್ಲಿ ಕಾಣೋದು ಹೇಗೆ? ಉರಿಯೂತ ಎಲ್ಲೇ ಇರಲಿ, ಅಲ್ಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಯಕೃತ್ತಿಗೆ, ಅಂದ್ರೆ ಲಿವರ್‌ಗೆ ತಲುಪುತ್ತವೆ. ಲಿವರ್ ತಕ್ಷಣ ಕೆಲವು ಪ್ರೋಟೀನುಗಳ ತಯಾರಿಕೆಯನ್ನು ಹೆಚ್ಚಿಸುತ್ತೆ, ಅಲ್ಬ್ಯುಮಿನ್‌ನಂಥ ಕೆಲವನ್ನು ಕಡಿಮೆ ಮಾಡುತ್ತೆ. ನಮ್ಮ ಪರೀಕ್ಷೆಗಳು ಅಳೆಯೋದು ಲಿವರಿನ ಈ ಉತ್ತರವನ್ನು. ಮೊದಲ ಸಂದೇಶ ಮೊಣಕಾಲಿಂದ ಬಂತೋ, ಶ್ವಾಸಕೋಶದಿಂದ ಬಂತೋ ಅಂತ ಆ ಉತ್ತರದಲ್ಲಿ ಬರೆದಿರೋದಿಲ್ಲ. ದೂರದಲ್ಲಿ ಹೊಗೆ ಕಂಡರೆ ಎಲ್ಲೋ ಬೆಂಕಿ ಇದೆ ಅಂತ ಹೇಳಬಹುದು. ಉರೀತಿರೋದು ಒಲೆಯೋ, ಹುಲ್ಲಿನ ಬಣವೆಯೋ ಅಂತ ಗೊತ್ತಾಗೋದು ಅಲ್ಲಿಗೆ ಹೋಗಿ ನೋಡಿದಾಗಲೇ.

ಇಎಸ್‌ಆರ್: ಹಳೆಯ ಪರೀಕ್ಷೆ

ಗಂಜಿಗೆ ರಾಗಿಹಿಟ್ಟನ್ನು ನೀರಲ್ಲಿ ಕದಡಿ ಇಟ್ಟದ್ದನ್ನ ನೋಡಿರ್ತೀರಿ. ನುಣ್ಣಗಿನ ಹಿಟ್ಟು ನಿಧಾನಕ್ಕೆ ತಳಕ್ಕೆ ಇಳಿಯುತ್ತೆ. ಗಂಟುಕಟ್ಟಿದ್ದು ಬೇಗ ಇಳಿಯುತ್ತೆ. ಇಎಸ್‌ಆರ್ ಅನ್ನೋದು ಇಷ್ಟೇ.

ಹೆಪ್ಪುಗಟ್ಟದ ಹಾಗೆ ಮಾಡಿದ ರಕ್ತವನ್ನು ಸಣ್ಣ ಉದ್ದನೆಯ ಕೊಳವೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸುತ್ತಾರೆ. ಒಂದು ಗಂಟೆಯಲ್ಲಿ ಕೆಂಪು ರಕ್ತಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಅಂತ ಅಳೆಯುತ್ತಾರೆ. ಸಾಮಾನ್ಯವಾಗಿ ಕೆಂಪು ಕಣಗಳ ಮೈಮೇಲೆ ಋಣ ವಿದ್ಯುದಂಶ ಇರೋದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತ ಇದ್ದಾಗ ಲಿವರ್ ಫೈಬ್ರಿನೋಜನ್ ಅನ್ನೋ ಪ್ರೋಟೀನನ್ನು ಹೆಚ್ಚು ಮಾಡುತ್ತೆ. ಆ ಪ್ರೋಟೀನು ಈ ತಳ್ಳಾಟವನ್ನು ತಗ್ಗಿಸುತ್ತೆ. ಆಗ ಕಣಗಳು ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ.

ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯರ್ನಾಟ್ಸ್ಕಿ 1897ರಲ್ಲೇ ಇದನ್ನು ವರದಿ ಮಾಡಿದ್ದರು. ಸ್ವೀಡನ್ನಿನ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಕ್ಷಯರೋಗಿಗಳ ರಕ್ತವನ್ನು ಅಭ್ಯಾಸ ಮಾಡಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಇವತ್ತಿಗೂ ರಿಪೋರ್ಟಿನಲ್ಲಿ ಅವರ ಹೆಸರು ಕಾಣಬಹುದು.

ಇದರ ತೊಂದರೆ ಏನಂದ್ರೆ, ಉರಿಯೂತ ಇಲ್ಲದೆಯೂ ಇಎಸ್‌ಆರ್ ಏರಬಹುದು. ವಯಸ್ಸಾದ ಹಾಗೆ ಏರುತ್ತೆ, ಬಸುರಿಯಲ್ಲಿ ಏರುತ್ತೆ, ರಕ್ತಹೀನತೆಯಲ್ಲೂ ಏರುತ್ತೆ. ವೈದ್ಯರ ಹತ್ತಿರ ಒಂದು ಅಂದಾಜಿನ ಸೂತ್ರ ಇದೆ: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ 10 ಸೇರಿಸಿ ಅದರ ಅರ್ಧ. ಅಮ್ಮನ ಲೆಕ್ಕ 74ರ ಅರ್ಧ, 37. ಬಂದಿದ್ದು 62. ವಯಸ್ಸಿಗೆ ರಿಯಾಯಿತಿ ಕೊಟ್ಟ ಮೇಲೂ ಜಾಸ್ತಿಯೇ. ಆದರೆ ಹಿಮೋಗ್ಲೋಬಿನ್ 9.8 ಇರೋದರಿಂದ, ಅದರಲ್ಲಿ ಸ್ವಲ್ಪ ಪಾಲು ರಕ್ತಹೀನತೆಯದ್ದೂ ಇರಬಹುದು. ಅದಕ್ಕೇ ಇಎಸ್‌ಆರ್ ಒಂದನ್ನೇ ಹಿಡಿದು ತೀರ್ಮಾನ ಮಾಡೋಕಾಗಲ್ಲ.

ಸಿಆರ್‌ಪಿ: ಬೇಗ ಏರಿ ಬೇಗ ಇಳಿಯೋದು

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತ ಪರೀಕ್ಷೆ ಮಾಡ್ತಿದ್ದರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದಿಂದ ತೆಗೆದ ‘ಸಿ’ ಅನ್ನೋ ಒಂದು ಅಂಶವನ್ನು ರೋಗಿಯ ರಕ್ತದ ಸೀರಮ್‌ಗೆ ಸೇರಿಸಿದರೆ ಗಷ್ಟು ಕಟ್ಟುತ್ತಿತ್ತು. ರೋಗಿ ಚೇತರಿಸಿಕೊಂಡ ಮೇಲೆ ಅದೇ ವ್ಯಕ್ತಿಯ ರಕ್ತದಲ್ಲಿ ಹಾಗೆ ಆಗುತ್ತಿರಲಿಲ್ಲ. ‘ಸಿ’ ಜೊತೆ ವರ್ತಿಸುವ ಪ್ರೋಟೀನು ಅನ್ನೋ ಹೆಸರು ಬಂದದ್ದು ಅಲ್ಲಿಂದ, ಸಿ-ರಿಯಾಕ್ಟಿವ್ ಪ್ರೋಟೀನ್. ಅದೇ ನಮ್ಮ ಸಿಆರ್‌ಪಿ.

ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಇದು ಏರೋಕೆ ಶುರುವಾಗಿ, ಸುಮಾರು 48 ಗಂಟೆಗೆ ತುತ್ತತುದಿ ಮುಟ್ಟುತ್ತೆ. ಗಂಭೀರ ಸೋಂಕಿನಲ್ಲಿ ಸಾವಿರ ಪಟ್ಟಿನವರೆಗೂ ಹೋಗಬಹುದು. ಮೂಲ ಕಾರಣ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧ ಆಗ್ತಾ ಇಳಿಯುತ್ತೆ. 100 ಇದ್ದದ್ದು 50, 25, 12, 6. ಮೂರು ದಿನ ಚಿಲ್ಲರೆಯಲ್ಲಿ ಅಷ್ಟು ಕೆಳಗೆ. ಇಎಸ್‌ಆರ್ ಇಳಿಯೋದಕ್ಕೆ ಮಾತ್ರ ವಾರಗಟ್ಟಲೆ ಬೇಕು. ಇವತ್ತು ಏನಾಗ್ತಿದೆ ಅಂತ ಸಿಆರ್‌ಪಿ ಹೇಳುತ್ತೆ, ಇಎಸ್‌ಆರ್‌ನಲ್ಲಿ ಕಳೆದ ಕೆಲವು ವಾರಗಳ ನೆರಳೂ ಇರುತ್ತೆ ಅಂತ ಇಟ್ಟುಕೊಳ್ಳಿ.

ಹಾಗೆ ನೋಡಿದರೆ ನಮ್ಮ ಕಥೆಯ ಪಾಠ ಸುಲಭ. ನೆಗಡಿಯಿಂದ ಏರಿದ ಸಿಆರ್‌ಪಿ ಎರಡು-ಮೂರು ವಾರದಲ್ಲಿ ಖಂಡಿತ ಇಳಿದಿರಬೇಕಿತ್ತು. ಇಳಿಯದೇ ಹೋದರೆ ಬೇರೆ ಏನೋ ಇದೆ ಅಂತ ಅರ್ಥ. ದೀರ್ಘಕಾಲದ ಉರಿಯೂತವನ್ನು ಗುರುತಿಸೋದೇ ಹೀಗೆ. ಒಂದು ಸಲದ ಸಂಖ್ಯೆಗೆ ‘ದೀರ್ಘಕಾಲ’ ಅಂತ ಹೇಳೋ ಶಕ್ತಿ ಇಲ್ಲ. ಎರಡನೇ ಸಲ ಮಾಡಿಸಿದಾಗ ಮಾತ್ರ ಅದು ಗೊತ್ತಾಗೋದು. ನಾವು ತಪ್ಪಿಸಿದ್ದು ಅದೇ ಎರಡನೇ ಪರೀಕ್ಷೆಯನ್ನು.

ಎಚ್‌ಎಸ್-ಸಿಆರ್‌ಪಿ ಮತ್ತು ಹೃದಯ

ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಎಚ್‌ಎಸ್-ಸಿಆರ್‌ಪಿ ಅಂತ ಇನ್ನೊಂದು ಸಿಗುತ್ತೆ. ಪ್ರೋಟೀನು ಅದೇ. ಅಳತೆ ಮಾತ್ರ ಹೆಚ್ಚು ಸೂಕ್ಷ್ಮ, ಅಕ್ಕಿ ತೂಗೋ ತಕ್ಕಡಿಗೂ ಚಿನ್ನ ತೂಗೋ ತಕ್ಕಡಿಗೂ ಇರೋ ವ್ಯತ್ಯಾಸ. ಹೃದಯದ ರಕ್ತನಾಳದ ಗೋಡೆಯೊಳಗೆ ಕೊಬ್ಬು ಸೇರೋದರ ಜೊತೆಗೆ ಸಣ್ಣ ಮಟ್ಟದ ಉರಿಯೂತವೂ ನಡೀತಾ ಇರುತ್ತೆ. 1997ರಲ್ಲಿ ಪಾಲ್ ರಿಡ್ಕರ್ ಮತ್ತು ಸಂಗಡಿಗರು, ಆರೋಗ್ಯವಾಗಿದ್ದ ಗಂಡಸರಲ್ಲಿ ಸಿಆರ್‌ಪಿ ಹೆಚ್ಚಿದ್ದವರಿಗೆ ಮುಂದೆ ಹೃದಯಾಘಾತದ ಅಪಾಯವೂ ಹೆಚ್ಚು ಅಂತ ತೋರಿಸಿದರು. 2003ರಲ್ಲಿ ಅಮೆರಿಕದ ಸಿಡಿಸಿ ಮತ್ತು ಹಾರ್ಟ್ ಅಸೋಸಿಯೇಷನ್ ಒಂದು ಅಳತೆಗೋಲು ಕೊಟ್ಟವು: ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ಅಪಾಯ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು. 10 ದಾಟಿದರೆ ಹೃದಯದ ಲೆಕ್ಕ ಪಕ್ಕಕ್ಕಿಟ್ಟು, ಸೋಂಕೋ ಬೇರೆ ಉರಿಯೂತವೋ ಇದೆಯಾ ಅಂತ ಹುಡುಕಬೇಕು. ಇಲ್ಲೂ ಎರಡು ವಾರದ ಅಂತರದಲ್ಲಿ ಎರಡು ಸಲ ಅಳೀರಿ ಅಂತಲೇ ಸಲಹೆ.

ನಮ್ಮವರಿಗೆ ಇದು ಸಂಬಂಧಪಟ್ಟ ವಿಷಯ. ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದ ಗಂಡಸರನ್ನು ಯುರೋಪಿಯನ್ನರ ಜೊತೆ ಹೋಲಿಸಿದ 2001ರ ಒಂದು ಅಧ್ಯಯನದಲ್ಲಿ ನಮ್ಮವರ ಸರಾಸರಿ ಸಿಆರ್‌ಪಿ ಹೆಚ್ಚಿತ್ತು. ಆ ವ್ಯತ್ಯಾಸದ ಹಿಂದೆ ಇದ್ದದ್ದು ಮುಖ್ಯವಾಗಿ ಹೊಟ್ಟೆಯ ಬೊಜ್ಜು ಮತ್ತು ಅದರ ಜೊತೆ ಬರುವ ಸಕ್ಕರೆ-ಕೊಬ್ಬಿನ ಏರುಪೇರು. ಕೊಬ್ಬಿನ ಕೋಶಗಳೂ ಇಂಟರ್‌ಲ್ಯೂಕಿನ್-6 ಬಿಡುತ್ತವೆ ಅನ್ನೋದು ನೆನಪಿರಲಿ.

ಉರಿಯೂತವನ್ನು ತಗ್ಗಿಸಿದರೆ ಹೃದಯಾಘಾತ ಕಡಿಮೆ ಆಗುತ್ತಾ? ಈ ಪ್ರಶ್ನೆಗೆ ಕ್ಯಾಂಟೋಸ್ ಅನ್ನೋ ಪ್ರಯೋಗ 2017ರಲ್ಲಿ ಉತ್ತರ ಕೊಟ್ಟಿತು. ಒಮ್ಮೆ ಹೃದಯಾಘಾತ ಆಗಿದ್ದ, ಎಚ್‌ಎಸ್-ಸಿಆರ್‌ಪಿ 2 ಅಥವಾ ಮೇಲಿದ್ದ ಹತ್ತು ಸಾವಿರ ಜನರ ಮೇಲೆ ಕೆನಕಿನುಮಾಬ್ ಅನ್ನೋ ಉರಿಯೂತ ತಡೆಯುವ ಚುಚ್ಚುಮದ್ದನ್ನು ಪರೀಕ್ಷಿಸಿದರು. ಎಲ್‌ಡಿಎಲ್ ಕೊಲೆಸ್ಟರಾಲ್ ಇಳಿಯದಿದ್ದರೂ, 150 ಮಿಲಿಗ್ರಾಂ ಪಡೆದವರಲ್ಲಿ ಹೃದಯ-ರಕ್ತನಾಳದ ಗಂಭೀರ ತೊಂದರೆಗಳು ಒಟ್ಟಾರೆ ಶೇ 15ರಷ್ಟು ಕಡಿಮೆ ಆದವು. ಆದರೆ ಪ್ರಾಣಾಪಾಯದ ಸೋಂಕುಗಳು ಹೆಚ್ಚಾದವು. ಉರಿಯೂತ ಬರೀ ಶತ್ರು ಅಲ್ಲ, ಅದೇ ನಮ್ಮ ಕಾವಲೂ ಹೌದು. ಎಲ್ಲವನ್ನೂ ಆರಿಸಿಬಿಟ್ಟರೆ ಕಳ್ಳ ಬಂದಾಗ ಎಚ್ಚರಿಸೋರು ಇರಲ್ಲ.

ಫೆರಿಟಿನ್: ಮೋಸ ಮಾಡೋ ಸಂಖ್ಯೆ

ಅಮ್ಮನ ರಿಪೋರ್ಟಿಗೆ ವಾಪಸ್ ಬರೋಣ. ರಕ್ತಹೀನತೆ ಇದೆ ಅಂತ ಫೆರಿಟಿನ್ ಕೂಡ ನೋಡಿದ್ದರು, 60 ಇತ್ತು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳೋದು ಫೆರಿಟಿನ್. 60 ಅಂದ್ರೆ ನಾರ್ಮಲ್, ಹಾಗಾಗಿ ಕಬ್ಬಿಣದ ಕೊರತೆ ಇಲ್ಲ ಅಂತ ನಾವು ಅಂದ್ಕೊಂಡ್ವಿ.

ಇಲ್ಲೇ ಇರೋದು ತೊಡಕು. ಉರಿಯೂತ ಇದ್ದರೆ ಫೆರಿಟಿನ್ ತಾನಾಗೇ ಏರುತ್ತೆ. ಬ್ಯಾಕ್ಟೀರಿಯಾಗಳಿಗೆ ಬೆಳೆಯೋಕೆ ಕಬ್ಬಿಣ ಬೇಕು. ಅವಕ್ಕೆ ಸಿಗದಿರಲಿ ಅಂತ ದೇಹ ಕಬ್ಬಿಣವನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿಯುತ್ತೆ. ಬೀಗ ಹಾಕೋದು ಲಿವರ್ ಬಿಡುವ ಹೆಪ್ಸಿಡಿನ್ ಅನ್ನೋ ಹಾರ್ಮೋನು. ಆಗ ಹೊಸ ರಕ್ತಕಣ ಮಾಡೋದಕ್ಕೂ ಕಬ್ಬಿಣ ಸಿಗದೆ ಹಿಮೋಗ್ಲೋಬಿನ್ ಇಳಿಯುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಕೊರತೆಯ ಗೆರೆಯನ್ನು ಎರಡು ಕಡೆ ಎಳೆದಿದೆ: ಆರೋಗ್ಯವಂತ ವಯಸ್ಕರಿಗೆ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ, ಸೋಂಕು ಅಥವಾ ಉರಿಯೂತ ಇದ್ದವರಿಗೆ 70ಕ್ಕಿಂತ ಕಡಿಮೆ. ಅಮ್ಮನ 60 ಈ ಎರಡನೇ ಗೆರೆಯ ಕೆಳಗೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ನೋಡಿದಾಗ ಅದೂ ಕಡಿಮೆ ಬಂತು. ಅಂದ್ರೆ ಉರಿಯೂತವೂ ಇತ್ತು, ಕಬ್ಬಿಣದ ಕೊರತೆಯೂ ಇತ್ತು.

ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಜನಕ್ಕೆ ರಕ್ತಹೀನತೆ ಇದೆ ಅನ್ನುತ್ತೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾಗಿ ಫೆರಿಟಿನ್ ಓದುವಾಗ ಪಕ್ಕದಲ್ಲಿ ಸಿಆರ್‌ಪಿ ಎಷ್ಟಿದೆ ಅಂತಲೂ ನೋಡೋದು ಒಳ್ಳೇದು.

ಪರೀಕ್ಷೆಗಳು ಹೇಳದ ಮಾತು

ಇಷ್ಟೆಲ್ಲ ಸಂಖ್ಯೆ ಇದ್ದರೂ, ಕೊನೆಗೆ ಕಾಯಿಲೆಯ ದಾರಿ ತೋರಿಸಿದ್ದು ಅಮ್ಮನ ಬೆರಳು. ಮೈಸೂರಿನ ಡಾಕ್ಟರು ರಿಪೋರ್ಟು ಪಕ್ಕಕ್ಕಿಟ್ಟು, “ಬೆಳಿಗ್ಗೆ ಎದ್ದಾಗ ಕೈ ಹೇಗಿರುತ್ತಮ್ಮಾ?” ಅಂತ ಕೇಳಿದರಂತೆ. ಆಗ ಎಲ್ಲ ಹೊರಗೆ ಬಂತು. ಬೆರಳು ಮಡಚೋಕೇ ಆಗಲ್ಲ, ಬಿಗಿಯಾದ ಕಾಫಿ ಫಿಲ್ಟರ್ ಬಿಚ್ಚೋಕೆ ಆಗಲ್ಲ, ಒಂದು ಗಂಟೆ ಕಳೆದ ಮೇಲೆ ಸಡಿಲ ಆಗುತ್ತೆ. ಎರಡೂ ಕೈಯ ಗಿಣ್ಣುಗಳಲ್ಲಿ ಊತ. ನಮಗ್ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, “ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ ಕಣ್ರೋ” ಅಂದ್ರು.

ಆಮೇಲೆ ರುಮಟಾಲಜಿಸ್ಟ್ ಹತ್ತಿರ ಹೋದರು. ಆಂಟಿ-ಸಿಸಿಪಿ ಅನ್ನೋ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಬಂತು. ರುಮಟಾಯ್ಡ್ ಆರ್ಥ್ರೈಟಿಸ್. ಈ ಕಾಯಿಲೆಗೆ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಕೀಲುಗಳು ಅಷ್ಟು ಉಳಿಯುತ್ತವೆ. ಏಳು ತಿಂಗಳು ಅನ್ನೋದು ನಮಗೆ ಚುಚ್ಚಿದ್ದು ಅದಕ್ಕೇ.

ಇದರ ಇನ್ನೊಂದು ಮಗ್ಗುಲೂ ತಿಳಿದಿರಲಿ. ರುಮಟಾಯ್ಡ್ ಆರ್ಥ್ರೈಟಿಸ್ ಇದ್ದರೂ ಎಷ್ಟೋ ಜನರಲ್ಲಿ ಸಿಆರ್‌ಪಿ, ಇಎಸ್‌ಆರ್ ಎರಡೂ ನಾರ್ಮಲ್ ಇರುತ್ತವೆ. ಲೂಪಸ್ ಕಾಯಿಲೆ ಜೋರಾಗಿದ್ದಾಗಲೂ ಸಿಆರ್‌ಪಿ ಹೆಚ್ಚೇನೂ ಏರದೇ ಇರಬಹುದು. ಟೋಸಿಲಿಜುಮಾಬ್ ಅನ್ನೋ ಔಷಧಿ ಇಂಟರ್‌ಲ್ಯೂಕಿನ್-6ರ ಸಂದೇಶವನ್ನೇ ತಡೆಯೋದರಿಂದ, ಅದನ್ನು ತಗೊಳ್ಳೋರಿಗೆ ಸೋಂಕು ಬಂದರೂ ಸಿಆರ್‌ಪಿ ಏರದೇ ಇರಬಹುದು. ‘ನಾರ್ಮಲ್’ ಅಂತ ಬಂದರೆ ನೋವು ಸುಳ್ಳಾಗಲ್ಲ.

ಹಾಗೇ, ಏನೂ ತೊಂದರೆ ಇಲ್ಲದವರು ಸುಮ್ಮನೆ ದೊಡ್ಡ ಪ್ಯಾಕೇಜ್ ಮಾಡಿಸಿದರೆ? ಬಹಳಷ್ಟು ಪರೀಕ್ಷೆಗಳ ‘ನಾರ್ಮಲ್’ ಗೆರೆ ಎಳೆಯೋದು ಆರೋಗ್ಯವಂತರಲ್ಲಿ ಶೇ 95 ಜನ ಒಳಗೆ ಬರುವ ಹಾಗೆ. ಉಳಿದ ಶೇ 5 ಆರೋಗ್ಯವಂತರೂ ಗೆರೆಯ ಆಚೆಗೆ. ಒಂದಕ್ಕೊಂದು ಸಂಬಂಧವಿಲ್ಲದ ಅಂಥ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿದ್ದರೂ ಒಂದಾದರೂ ಕೆಂಪು ಗುರುತು ಬರುವ ಸಾಧ್ಯತೆ ಶೇ 64. ಹಿಂದಿನ ದಿನ ಮ್ಯಾರಥಾನ್ ಓಡಿದ್ದರೂ ಸಿಆರ್‌ಪಿ ಏರುತ್ತೆ, ಈಸ್ಟ್ರೋಜನ್ ಇರುವ ಮಾತ್ರೆ ತಗೊಳ್ತಿದ್ದರೂ ಏರುತ್ತೆ.

ನಿಗಾ ಇಡೋದು

ಕಾಯಿಲೆ ಗೊತ್ತಾದ ಮೇಲೆ ಈ ಪರೀಕ್ಷೆಗಳ ನಿಜವಾದ ಉಪಯೋಗ ಶುರುವಾಗುತ್ತೆ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ವೈದ್ಯರು 28 ಕೀಲುಗಳಲ್ಲಿ ಎಷ್ಟು ನೋಯುತ್ತಿವೆ, ಎಷ್ಟು ಊದಿವೆ ಅಂತ ಎಣಿಸಿ, ರೋಗಿ ತನಗೆ ಹೇಗನ್ನಿಸುತ್ತಿದೆ ಅಂತ ಹೇಳಿದ್ದನ್ನು ಸೇರಿಸಿ, ಸಿಆರ್‌ಪಿ ಅಥವಾ ಇಎಸ್‌ಆರ್ ಜೊತೆ ಒಂದು ಅಂಕ ತೆಗೆಯುತ್ತಾರೆ. ಕೈಯಿಂದ ಮುಟ್ಟಿ ನೋಡಿದ್ದು, ರೋಗಿಯ ಮಾತು, ರಕ್ತದ ಸಂಖ್ಯೆ ಮೂರೂ ಅದರಲ್ಲಿ ಸೇರಿವೆ.

ಅಮ್ಮನಿಗೆ ವಾರಕ್ಕೊಮ್ಮೆ ಮಾತ್ರ ತಗೊಳ್ಳೋ ಮೆಥೊಟ್ರೆಕ್ಸೇಟ್ ಶುರು ಮಾಡಿದರು, ಜೊತೆಗೆ ಕಬ್ಬಿಣದ ಮಾತ್ರೆ. ಮೂರು ತಿಂಗಳಲ್ಲಿ ಸಿಆರ್‌ಪಿ 14ರಿಂದ 8ಕ್ಕೆ, ಆರು ತಿಂಗಳಿಗೆ 4ಕ್ಕೆ ಬಂತು. ಇಎಸ್‌ಆರ್ ತನ್ನ ಹಳೆಯ ಅಭ್ಯಾಸದಂತೆ ನಿಧಾನ: 62, 51, 36. ಔಷಧಿಯಿಂದ ಲಿವರಿಗೆ ತೊಂದರೆ ಆಗ್ತಿಲ್ಲ ಅಂತ ನೋಡೋದಕ್ಕೂ ರಕ್ತಪರೀಕ್ಷೆ ಆಗ್ತಾ ಇರುತ್ತೆ. ನಡುವೆ ಯಾರೋ ಹೇಳಿದರು ಅಂತ ಮಾತ್ರೆ ಬಿಟ್ಟು ಬರೀ ಅರಿಶಿನದ ಹಾಲು ಕುಡೀತೀನಿ ಅಂದಿದ್ದರು. ಹಾಲು ಕುಡಿ, ಮಾತ್ರೆ ಬಿಡಬೇಡ ಅಂತ ಒಪ್ಪಿಸಿದ್ವಿ.

ಊರಿಂದ ರಿಪೋರ್ಟಿನ ಫೋಟೋ ಬಂದಾಗ ನಾವೀಗ ಇಷ್ಟು ಮಾಡ್ತೀವಿ. ಮೊದಲು ಸಂಖ್ಯೆಯ ಪಕ್ಕದ ಅಳತೆ ನೋಡ್ತೀವಿ, ಲೀಟರಿಗೋ ಡೆಸಿಲೀಟರಿಗೋ ಅಂತ. ರಕ್ತ ಕೊಟ್ಟ ವಾರದಲ್ಲಿ ಜ್ವರ, ನೆಗಡಿ, ಹಲ್ಲುನೋವು ಇತ್ತಾ ಅಂತ ಕೇಳಿ ಬರೆದಿಡ್ತೀವಿ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸ್ತೀವಿ. ಹಳೆಯ ಸಂಖ್ಯೆಗಳನ್ನೆಲ್ಲ ತಾರೀಖಿನ ಜೊತೆ ಒಂದೇ ಹಾಳೆಯಲ್ಲಿ ಇಟ್ಟಿದ್ದೀವಿ, ಡಾಕ್ಟರಿಗೂ ಅದನ್ನೇ ತೋರಿಸ್ತಾರೆ. ಮತ್ತೆ ಮಾಡಿಸಿ ಅಂದರೆ ಆ ತಾರೀಖು ನಮ್ಮ ಕ್ಯಾಲೆಂಡರಿನಲ್ಲೂ ಇರುತ್ತೆ. ಕೊನೆಯದಾಗಿ, ಸಂಖ್ಯೆ ಕೇಳೋಕೆ ಮುಂಚೆ, ಬೆಳಿಗ್ಗೆ ಕೈ ಹೇಗಿತ್ತು ಅಂತ ಕೇಳ್ತೀವಿ.

ಕಳೆದ ವಾರ ಕೇಳಿದ್ದಕ್ಕೆ, “ಫಿಲ್ಟರ್ ನಾನೇ ಬಿಚ್ಚಿದೆ” ಅಂದ್ರು.

ಇದು ಮಾಹಿತಿಗಾಗಿ ಮಾತ್ರ. ನಿಮ್ಮ ಅಥವಾ ನಿಮ್ಮ ಮನೆಯವರ ರಿಪೋರ್ಟನ್ನು ಅವರನ್ನು ನೋಡುವ ಡಾಕ್ಟರ ಜೊತೆಯೇ ಮಾತಾಡಿ. ಈ ಸಂಚಿಕೆ ಉಪಯೋಗ ಆಗುತ್ತೆ ಅನ್ನಿಸಿದರೆ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೂ ಕಳಿಸಿ.